ಹಳೆ ಕೋವಿಯ ನಳಿಗೆ: ಸೀಳದೆ ಒಳಗಿನ ಸ್ಥಿತಿ ತಿಳಿಯುತ್ತಾ?

ಪ್ರಶ್ನೆ: ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ ಇದೆ. ಹೊರಗಿನಿಂದ ನಳಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಹೇಗಿದೆ ಅಂತ ತಿಳಿಯಲು ಉದ್ದಕ್ಕೆ ಸೀಳಿಯೇ ನೋಡಬೇಕಾ?

ಸದ್ಯಕ್ಕೆ ಗರಗಸ ಮುಟ್ಟಬೇಡಿ. ಮೊದಲು ನೋಡಬೇಕಾದದ್ದು ಬೇರೆ, ಅದರಲ್ಲಿ ಈಡು, ಅಂದರೆ ತುಂಬಿಟ್ಟ ಮದ್ದುಗುಂಡು, ಇದೆಯಾ ಅನ್ನುವುದು. ತಲೆಮಾರುಗಳಿಂದ ಸುಮ್ನೆ ನೇತುಹಾಕಿದ್ದ ಕೋವಿಗಳಲ್ಲಿ ಮದ್ದು, ಗುಂಡು ಹಾಗೇ ಉಳಿದಿರುವುದು ಅಪರೂಪವೇನಲ್ಲ. ಒಣಗಿರುವ ಕರಿಮದ್ದು ನೂರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ನೀರು, ಎಣ್ಣೆ ಹಾಕಿದರೆ ಸತ್ತೇಹೋಯಿತು ಅಂದುಕೊಳ್ಳಬೇಡಿ.

ಪರೀಕ್ಷೆ ಸುಲಭ. ಕೇಪು (ಬಡಿದಾಗ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿ) ಇದ್ದರೆ ತೆಗೆಯಿರಿ. ಮುಖ, ಮೈ ಎರಡೂ ನಳಿಗೆಯ ನೇರಕ್ಕೆ ಬರದ ಹಾಗೆ ನಿಂತು ಒಂದು ಮರದ ಕಡ್ಡಿಯನ್ನು ಮೆಲ್ಲಗೆ ತಳದವರೆಗೆ ಇಳಿಸಿ, ಬಾಯಿಯ ಅಂಚಿಗೆ ಗುರುತು ಹಾಕಿ, ಹೊರತೆಗೆದು ಅದನ್ನೇ ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿ. ಕಿಡಿ ಒಳಹೋಗುವ ತೂತಿನ ಹತ್ತಿರಕ್ಕೆ ಕಡ್ಡಿಯ ತುದಿ ಬರಬೇಕು. ಮೂರ್ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಕೆಲವು ಕೋವಿಗಳಲ್ಲಿ ಮದ್ದಿನ ಗೂಡು ಕಿರಿದಾಗಿರುವುದರಿಂದಲೂ ಕಡ್ಡಿ ಮೇಲೇ ನಿಲ್ಲುತ್ತದೆ, ಆದರೆ ಅನುಮಾನ ಇರುವಷ್ಟು ಹೊತ್ತು ತುಂಬಿದೆ ಅಂತಲೇ ಇಟ್ಟುಕೊಳ್ಳಿ. ಈಡು ತೆಗೆಯುವುದು ತಿಳಿದವರ ಕೆಲಸ. ನಳಿಗೆಯ ತಳ ಮುಚ್ಚುವ, ಬಿಗಿದುಕೊಂಡ ಹಿಂಬದಿಯ ತಿರುಪನ್ನು ಸಡಿಲಿಸಲು ಬೆಂಕಿ ಹಿಡಿಯುವುದಂತೂ ಬೇಡವೇ ಬೇಡ.

ನಳಿಗೆ ಖಾಲಿ ಅಂತ ಖಚಿತವಾಗಿ, ತಿರುಪು ಬಿಚ್ಚಿದ ಮೇಲೆ ಬೆಳಕು ಬಿಟ್ಟು ಎರಡೂ ಕಡೆಯಿಂದ ನೋಡಿ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಅನಿಲವಾಗದೆ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಅದರಲ್ಲಿರುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತವೆ. ಬಾಯಿಯ ಕಡೆ ಫಳಫಳ ಅನ್ನುವ ನಳಿಗೆಯೂ ತಳದಲ್ಲಿ, ತಿರುಪಿನ ಎಳೆಗಳಲ್ಲಿ ಗುಳಿಬಿದ್ದಿರಬಹುದು. ನಡುವೆ ಎಲ್ಲಾದರೂ ಕಪ್ಪು ಉಂಗುರದಂಥ ನೆರಳು ಕಂಡರೆ ಅಲ್ಲಿ ಉಬ್ಬಿದೆ ಎಂಬ ಅನುಮಾನ ಬರಬೇಕು. ಗುಂಡು ಮದ್ದಿನವರೆಗೆ ಇಳಿಯದೆ ನಡುವೆ ಖಾಲಿ ಜಾಗ ಉಳಿದಾಗ ಹೊಡೆದರೆ ಹೀಗಾಗುತ್ತದೆ.

ಹಾಗಾದರೆ ಸೀಳುವುದು ಯಾತಕ್ಕೆ? ನಳಿಗೆ ಹೇಗೆ ಮಾಡಿದ್ದಾರೆ ಅಂತ ತಿಳಿಯಲು. ಹಳೆಯ ಎಷ್ಟೋ ನಳಿಗೆಗಳು ಕೊರೆದ ಸರಳಲ್ಲ. ಕಬ್ಬಿಣದ ಪಟ್ಟಿಯನ್ನು ಸರಳಿಗೆ ಸುತ್ತಿ, ಕಾಯಿಸಿ, ಬಡಿದು ಬೆಸೆದವು. ಬೆಸುಗೆ ಉದ್ದಕ್ಕೆ ಹೋಗಿದ್ದರೆ ಅದನ್ನು ನೋಡಲು ಅಡ್ಡಕ್ಕೆ ಕತ್ತರಿಸಬೇಕು, ಗುಳಿ ಮತ್ತು ತಿರುಪಿನ ಎಳೆ ನೋಡಲು ಉದ್ದಕ್ಕೆ. ಕತ್ತರಿಸಿದ ಮುಖವನ್ನು ಕನ್ನಡಿಯಂತೆ ಉಜ್ಜಿ, ಆಲ್ಕೋಹಾಲಿನಲ್ಲಿ 2ರಿಂದ 5 ಶೇಕಡಾ ನೈಟ್ರಿಕ್ ಆಮ್ಲ ಬೆರೆಸಿದ ದ್ರಾವಣ ತಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಬ್ಬಿಣದೊಳಗಿನ ಕಿಟ್ಟದ (ಕಬ್ಬಿಣ ಮಾಡುವಾಗ ಒಳಗೇ ಉಳಿದ ಕಲ್ಮಶದ) ಕಪ್ಪು ಗೆರೆಗಳು ಕಾಣುತ್ತವೆ, ಬೆಸುಗೆ ಸರಿಯಾಗಿ ಕೂಡದ ಕಡೆ ಸಂದು ಕೂಡ. ಗ್ರೈಂಡರ್ ಹಾಕಿ ಕತ್ತರಿಸಬೇಡಿ. ಬಿಸಿಗೆ ಲೋಹದ ರಚನೆಯೇ ಬದಲಾಗಿ ನೋಡಬೇಕಾದದ್ದು ಹಾಳಾಗುತ್ತದೆ. ತಂಪುದ್ರವ ಬಿಡುತ್ತಾ ನಿಧಾನಕ್ಕೆ ಕತ್ತರಿಸುವ ಗರಗಸ ಬೇಕು.

ನನ್ನ ಪ್ರಕಾರ ಸೀಳುವುದಿದ್ದರೆ ಆಗಲೇ ಒಡೆದ, ಉಬ್ಬಿದ ನಳಿಗೆಯನ್ನು ಮಾತ್ರ ಸೀಳಿ. ಒಂದನ್ನು ಸೀಳಿ ಅದರ ಜೋಡಿ ಗಟ್ಟಿ ಅಂತ ಹೇಳಲೂ ಬರುವುದಿಲ್ಲ, ಕೈಯಲ್ಲಿ ಬೆಸೆದದ್ದು ಅಲ್ವಾ. ಚೆನ್ನಾಗಿರುವುದಕ್ಕೆ ಎಕ್ಸ್‌ರೇ ಸಾಕು, ಒಳಗೆ ಸೀಸದ ಗುಂಡಿದ್ದರೂ ಅದರಲ್ಲಿ ಎದ್ದು ಕಾಣುತ್ತದೆ. ಆದರೆ ಇದೆಲ್ಲ ನೋಡಿ ತಿಳಿಯುವುದಕ್ಕೆ ಮಾತ್ರ. ಚಿತ್ರದಲ್ಲಿ ಬಿರುಕು ಕಾಣಲಿಲ್ಲ ಅಂತ ಅದರಲ್ಲಿ ಹೊಡೆಯಲು ಹೋಗಬೇಡಿ.