ಗಣಿ ಮುಚ್ಚಿತು, ದಮ್ಮು ಬಿಡಲಿಲ್ಲ

ಬಂಗಾರಪೇಟೆ ಕಡೆಯ ಯಜಮಾನರೊಬ್ಬರು ಎಕ್ಸ್-ರೇ ಕವರ್ ಹಿಡಿದು ಬಂದಿದ್ದರು. ಎರಡು ಸಲ ಟಿಬಿ ಮಾತ್ರೆಯ ಕೋರ್ಸ್ ಮುಗಿಸಿದ್ದಾರೆ. ಕಫದಲ್ಲಿ ಒಮ್ಮೆಯೂ ರೋಗಾಣು ಸಿಕ್ಕಿಲ್ಲ. ದಮ್ಮು ಮಾತ್ರ ಜಾಸ್ತಿ ಆಗ್ತಾನೇ ಇದೆ. ಫಿಲ್ಮ್ ಬೆಳಕಿಗೆ ಹಿಡಿದೆ. ಎರಡೂ ಕಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ರವೆ ಎರಚಿದ ಹಾಗೆ ಬಿಳಿ ಚುಕ್ಕೆಗಳು.

“ಮೊದಲು ಏನು ಕೆಲಸ ಮಾಡ್ತಿದ್ರಿ?”

“ಕೆಜಿಎಫ್‌ನಲ್ಲಿ ಡ್ರಿಲ್ಲಿಂಗು ಸಾರ್. ಮೈನ್ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತಲ್ಲ, ಈಗ್ಯಾಕೆ ಕೇಳ್ತೀರಿ?”

ಕೇಳಲೇಬೇಕು. ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನೊಳಗೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಆ ಕಲ್ಲನ್ನು ಕೊರೆದರು, ಸಿಡಿಸಿದರು, ಪುಡಿ ಮಾಡಿದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಕೆಳಗೆ ಇಳಿದಿತ್ತು. ಅಲ್ಲಿ ಬಂಡೆಯೇ ಕಾದ ಹೆಂಚು. ಮೇಲಿನ ಭಾರ ತಡೆಯದೆ ಬಂಡೆ ಇದ್ದಕ್ಕಿದ್ದ ಹಾಗೆ ಸಿಡಿಯುವ ‘ರಾಕ್ ಬರ್ಸ್ಟ್’ ಬೇರೆ. ಕಲ್ಲಿದ್ದಲು ಗಣಿಯ ಭಯಗಳು ಇನ್ನೊಂದು ಥರ: ಮೀಥೇನ್ ಹತ್ತಿಕೊಳ್ಳುವುದು, ನೀರು ನುಗ್ಗುವುದು. 1975ರಲ್ಲಿ ಧನಬಾದ್ ಹತ್ತಿರದ ಚಸ್ನಾಲಾದಲ್ಲಿ 375 ಜನ ಹೋದರು. ಇಂಥ ಸಾವು ಪೇಪರಿಗೆ ಬರುತ್ತದೆ. ಧೂಳಿನ ಸಾವು ಬರುವುದಿಲ್ಲ.

ಕಣ್ಣಿಗೆ ಕಾಣುವ ಧೂಳು ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕೆಟ್ಟದ್ದು ಕಾಣದ ಧೂಳು. ಬೆಣಚುಕಲ್ಲಿನ ಆ ನುಣ್ಣನೆ ಪುಡಿ ಶ್ವಾಸಕೋಶದ ತಳಕ್ಕೇ ಹೋಗಿ ಕೂರುತ್ತದೆ. ಮೈ ಕಾಯುವ ಜೀವಕೋಶ ಅದನ್ನು ನುಂಗುತ್ತದೆ, ಅರಗಿಸಿಕೊಳ್ಳಲಾಗದೆ ಸಾಯುತ್ತದೆ. ಪುಡಿ ಹೊರಬೀಳುತ್ತದೆ. ಇನ್ನೊಂದು ಜೀವಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಲವೂ ಗಾಯ, ಗಾಯದ ಮೇಲೆ ಗಂಟು. ಕೆಲಸ ಬಿಟ್ಟರೂ ಒಳಗಿನ ಈ ಕೆಲಸ ನಿಲ್ಲುವುದಿಲ್ಲ. ಇದೇ ಸಿಲಿಕೋಸಿಸ್. ಗಂಟು ಕರಗಿಸುವ ಔಷಧಿ ಇಲ್ಲ.

ತಲೆನೋವು ಏನಪ್ಪಾ ಅಂದ್ರೆ, ಎಕ್ಸ್-ರೇಯಲ್ಲಿ ಇದು ಟಿಬಿ ಥರಾನೇ ಕಾಣುತ್ತದೆ. ಸಿಲಿಕೋಸಿಸ್ ಇದ್ದವರಿಗೆ ನಿಜವಾದ ಟಿಬಿ ಬರುವ ಸಾಧ್ಯತೆಯೂ ಜಾಸ್ತಿ. ಹಾಗಾಗಿ ‘ಟಿಬಿ ಅಲ್ಲ ಬಿಡಿ’ ಅಂತ ಸುಮ್ನೆ ಕಳಿಸುವ ಹಾಗೂ ಇಲ್ಲ. ಹಳೇ ಕೆಲಸ ಏನು ಅಂತ ನಾವು ಡಾಕ್ಟರುಗಳು ಕೇಳುವುದೇ ಕಮ್ಮಿ. ನಾವು ಕೇಳದಿದ್ದರೂ ನೀವೇ ಹೇಳಿಬಿಡಿ.

ಚಿಕ್ಕಬಳ್ಳಾಪುರ ಕಡೆ ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರಿಗೂ ಇದೇ ಮಾತು. ಮುಖಕ್ಕೆ ಕಟ್ಟಿದ ಟವೆಲ್ ಆ ಪುಡಿಯನ್ನು ತಡೆಯುವುದಿಲ್ಲ. ನೀರು ಬಿಟ್ಟುಕೊಂಡು ಕೊರೆದರೆ ಧೂಳು ಏಳುವುದೇ ಕಮ್ಮಿ.

ಯಜಮಾನರ ಚೀಟಿಯಲ್ಲಿ ಎಲ್ಲಕ್ಕಿಂತ ಮೇಲೆ ‘ಗಣಿ ಕೆಲಸ, ಡ್ರಿಲ್ಲಿಂಗ್’ ಅಂತ ಬರೆದೆ. ಕಫವನ್ನು ಮತ್ತೊಮ್ಮೆ ಪರೀಕ್ಷೆಗೆ ಕಳಿಸಿದ್ದೇನೆ.