ಒಬ್ಬನೇ ಗಿರಾಕಿ, ನಾಲ್ಕು ಖಾತೆ

ಕಾಸರಗೋಡಿನ ಯಾವುದಾದರೂ ದೊಡ್ಡ ಅಂಗಡಿಯ ಕಂಪ್ಯೂಟರಿನಲ್ಲಿ ‘ಅಬ್ದುಲ್ಲ’ ಎಂದು ಹುಡುಕಿ ನೋಡಿ. ಕೆ. ಅಬ್ದುಲ್ಲ, ಅಬ್ದುಲ್ಲ ಕೆ., ಅಬ್ದುಲ್ಲ ಕುಂಬಳೆ, ಅಬ್ದುಲ್ಲಾ ಕುಂಬಳ, ಅಬ್ದುಲ್ಲ ಹಾಜಿ. ಇವರಲ್ಲಿ ಯಾರು ಬೇರೆ, ಯಾರು ಒಬ್ಬರೇ ಎಂದು ಬಲ್ಲವರು ವರ್ಷಗಟ್ಟಲೆ ಅದೇ ಕೌಂಟರಿನಲ್ಲಿ ಕೂತ ಕ್ಯಾಷಿಯರ್ ಮಾತ್ರ. ಅವರು ರಜೆ ಹಾಕಿದ ದಿನ ಆರನೆಯ ಅಬ್ದುಲ್ಲ ಹುಟ್ಟುತ್ತಾರೆ.

ಇದರಿಂದ ಏನು ಮಹಾ ನಷ್ಟ ಎಂದು ಕೇಳುವ ಮಾಲೀಕರಿದ್ದಾರೆ. ಮಳೆಗೆ ಮುಂಚೆ ಮೈಲುತುತ್ತು, ಸುಣ್ಣ, ಗೊಬ್ಬರ ಸಾಲಕ್ಕೆ ಕೊಟ್ಟು, ಅಡಿಕೆ ಮಾರಿದ ಮೇಲೆ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಅಂಗಡಿಯಲ್ಲಿ ಎರಡು ಖಾತೆ ಎಂದರೆ ಎರಡು ಸಾಲಮಿತಿ. 25,000 ರೂಪಾಯಿ ಮಿತಿ ಇದ್ದವರಿಗೆ ಯಾರಿಗೂ ತಿಳಿಯದೆ 50,000 ಸಿಗುತ್ತದೆ. ಒಂದು ಖಾತೆಯಲ್ಲಿ ಅವರ ಮುಂಗಡ ಕೂತಿರುತ್ತದೆ, ಇನ್ನೊಂದರಿಂದ ಬಾಕಿಯ ಮೆಸೇಜ್ ಹೋಗುತ್ತದೆ. ಹಣ ಕಟ್ಟಿದ ಕೃಷಿಕರು ಆ ಮೆಸೇಜ್ ಹಿಡಿದುಕೊಂಡು ಪೇಟೆಗೆ ಬಂದಾಗ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ರಕ್ತಪರೀಕ್ಷೆಯ ಲ್ಯಾಬ್‌ಗಳಲ್ಲಿ ವಿಷಯ ಇನ್ನೂ ಗಂಭೀರ: ಕಳೆದ ವರ್ಷದ ಸಕ್ಕರೆ ಪ್ರಮಾಣ ಒಂದು ನಂಬರಿನಲ್ಲಿ, ಈ ವರ್ಷದ್ದು ಇನ್ನೊಂದರಲ್ಲಿ ಇದ್ದರೆ ಡಾಕ್ಟರರಿಗೆ ಹೋಲಿಸಲು ಏನೂ ಇರುವುದಿಲ್ಲ.

ನನ್ನ ಅನುಭವದಲ್ಲಿ ಇಂಥ ಡುಪ್ಲಿಕೇಟ್ ಖಾತೆ ಹುಟ್ಟುವುದು ಡೇಟಾಬೇಸಿನಲ್ಲಲ್ಲ, ಕೌಂಟರಿನಲ್ಲಿ. ಹುಡುಕುವುದಕ್ಕಿಂತ ಹೊಸ ಎಂಟ್ರಿ ಮಾಡುವುದು ಬೇಗ ಆಗುವುದಾದರೆ, ಸಾಲಿನಲ್ಲಿ ಎಂಟು ಜನ ನಿಂತಿರುವಾಗ ಯಾರೂ ಹುಡುಕುವುದಿಲ್ಲ. ‘ಹುಡುಕಿಯೇ ಎಂಟ್ರಿ ಮಾಡಿ’ ಎಂದು ಗೋಡೆಗೆ ಚೀಟಿ ಅಂಟಿಸಿ ಫಲವಿಲ್ಲ. ಪರದೆಯನ್ನೇ ತಿರುಗಿಸಿ ಕಟ್ಟಬೇಕು: ಮೊದಲು ಕಾಣುವುದು ಹುಡುಕುವ ಪೆಟ್ಟಿಗೆ, ಫೋನಿನ ಕೊನೆಯ ನಾಲ್ಕು ಅಂಕಿ, ಹೆಸರಿನ ಮೂರು ಅಕ್ಷರ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಪಟ್ಟಿ ಬರಬೇಕು, ‘ಹೊಸ ಗ್ರಾಹಕ’ ಎಂಬ ಬಟನ್ ಆಮೇಲಷ್ಟೇ ತೆರೆಯಬೇಕು. ಇನ್ನೊಂದು ಮಾತು. ಫೋನ್ ನಂಬರನ್ನು ಕಡ್ಡಾಯ ಮಾಡಿದ ಕಡೆಯೆಲ್ಲ 9999999999 ಎಂಬ ನಂಬರಿನ ಗಿರಾಕಿಗಳು ಧಾರಾಳವಾಗಿ ಸಿಗುತ್ತಾರೆ. ‘ಫೋನ್ ಇಲ್ಲ’ ಎಂಬ ಒಂದು ಟಿಕ್ ಇಟ್ಟರೆ ಈ ಸುಳ್ಳು ನಿಲ್ಲುತ್ತದೆ.

ಈಗ ಹೆಸರಿನ ವಿಷಯ. ಉಚ್ಚಾರ ಹೋಲುವ ಹೆಸರುಗಳನ್ನು ಹಿಡಿಯಲು ಹೆಚ್ಚಿನವರು ಮೊದಲು ಕೈಹಾಕುವುದು ಸೌಂಡೆಕ್ಸ್‌ಗೆ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಮೊಹಮ್ಮದ್, ಮುಹಮ್ಮದ್, ಮಹಮದ್ ಎಲ್ಲರಿಗೂ ‘ಎಂ 530’, ಅಲ್ಲಿಯವರೆಗೆ ಸರಿ. ಆದರೆ ನಮ್ಮೂರಿನ ಸೈನಬಾ ‘ಎಸ್ 510’, ಝೈನಬಾ ‘ಝೆಡ್ 510’. ಇಬ್ರಾಹಿಂ ‘ಐ’ಯಿಂದ, ಎಬ್ರಾಹಿಂ ‘ಇ’ಯಿಂದ. ಫಾತಿಮಾ ‘ಎಫ್’, ಮನೆಯಲ್ಲಿ ಎಲ್ಲರೂ ಕರೆಯುವ ಪಾತುಮ್ಮ ‘ಪಿ’. ಮೊದಲ ಅಕ್ಷರವೇ ಬದಲಾಗುವ ಊರಿನಲ್ಲಿ ಈ ವಿಧಾನ ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಅದರ ಬದಲು ನಾವೇ ಬರೆದಿಟ್ಟುಕೊಂಡ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಈ ಹೆಸರುಗಳು ಒಂದೇ, ಮಂಜೇಶ್ವರವೂ ಮಂಜೇಶ್ವರಂ ಕೂಡ ಒಂದೇ, ಹೊಸದುರ್ಗದ ವಿಳಾಸ ಕಾಞಂಗಾಡ್ ಎಂದೂ ಬರಬಹುದು ಎಂಬಂಥ ಸಾದಾ ಪಟ್ಟಿ. ಅದನ್ನು ತಯಾರಿಸಲು ಇಂಜಿನಿಯರ್ ಬೇಡ, ಕೌಂಟರಿನ ಹಳಬರು ಬೇಕು.

ಹೆಸರಿನ ಭಾಗಗಳು ಹಿಂದುಮುಂದಾಗುವುದಕ್ಕೆ ಬೇರೆ ಮದ್ದಿದೆ. ಊರಿನ ಹೆಸರು ಮುಂದಿಟ್ಟು ‘ಪೆರ್ಲ ಕೃಷ್ಣ ಭಟ್’ ಎಂದು ಬರೆಸಿದವರೇ ಇನ್ನೊಂದು ದಿನ ‘ಕೃಷ್ಣ ಭಟ್ ಪೆರ್ಲ’ ಆಗುತ್ತಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಟ್ರೈಗ್ರಾಮ್ ಸೌಲಭ್ಯ ಪ್ರತಿ ಪದವನ್ನೂ ಮೂರು ಮೂರು ಅಕ್ಷರದ ತುಣುಕು ಮಾಡಿ ಎರಡು ಕಡೆಯ ತುಣುಕುಗಳು ಎಷ್ಟು ಹೊಂದುತ್ತವೆ ಎಂದು ನೋಡುತ್ತದೆ. ಪದಗಳ ಕ್ರಮ ಅದಕ್ಕೆ ಲೆಕ್ಕಕ್ಕಿಲ್ಲ. ಇಂಗ್ಲಿಷ್ ಲಿಪಿಯಲ್ಲಿಟ್ಟ ಹೆಸರುಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಕನ್ನಡ, ಮಲಯಾಳ ಲಿಪಿಗಳಲ್ಲೇ ಹೆಸರು ಇಡುವವರಿಗೆ ಒಂದು ಎಚ್ಚರಿಕೆ. ಪರದೆಯ ಮೇಲೆ ಅಕ್ಷರ ಒಂದೇ ಥರ ಕಂಡರೂ ಒಳಗಿನ ಸಂಕೇತ ಬೇರೆ ಇರಬಹುದು. ‘ಕೊ’ ಅಕ್ಷರದ ಒಕಾರವನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ, ಒಂದೇ ಚಿಹ್ನೆಯಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಇಡಬಹುದು. ಉಳಿಸುವ ಮುನ್ನ ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಪ್ರಮಾಣಿತ ರೂಪಕ್ಕೆ ತಂದರೆ ಈ ಎರಡೂ ಒಂದಾಗುತ್ತವೆ. ಮಲಯಾಳದ ಚಿಲ್ಲಕ್ಷರಗಳು, ಅಂದರೆ ಸ್ವರವಿಲ್ಲದ ವ್ಯಂಜನಕ್ಕಿರುವ ಪ್ರತ್ಯೇಕ ಅಕ್ಷರಗಳು, ಹಾಗಲ್ಲ. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಸ್ವಂತ ಸಂಕೇತ ಬಂತು. ಅದಕ್ಕೂ ಮೊದಲು ವ್ಯಂಜನ, ಸ್ವರ ತೆಗೆಯುವ ಚಂದ್ರಕ್ಕಲ ಚಿಹ್ನೆ, ಕಣ್ಣಿಗೆ ಕಾಣದ ಜೋಡಕ ಹೀಗೆ ಮೂರು ಸೇರಿ ಒಂದು ಚಿಲ್ಲು. ಹಳೆಯ ಮತ್ತು ಹೊಸ ರೂಪವನ್ನು ಎನ್‌ಎಫ್‌ಸಿ ಒಂದು ಮಾಡುವುದಿಲ್ಲ, ನಾವೇ ಬದಲಾಯಿಸಬೇಕು. ಹುಡುಕಿದರೂ ಸಿಗದ ಗಿರಾಕಿಗಳಲ್ಲಿ ಕೆಲವರು ಅಡಗಿರುವುದು ಇಲ್ಲೇ.

ಹಾಗಾದರೆ ಫೋನ್ ನಂಬರನ್ನೇ ಗುರುತಾಗಿಡಬಹುದಲ್ಲ? ಅರ್ಧ ಹೌದು. ಮೊದಲು ಎಲ್ಲ ನಂಬರುಗಳನ್ನೂ ದೇಶದ ಕೋಡ್ ಸಹಿತ ಒಂದೇ ರೂಪದಲ್ಲಿ ಇಡಿ. ಶುರುವಿನಲ್ಲಿ ಸೊನ್ನೆ, 91, ನಡುವೆ ಖಾಲಿ ಜಾಗ ಎಲ್ಲ ಬೇರೆ ಬೇರೆ ದಾಖಲೆಗೆ ದಾರಿ. ಹತ್ತು ಅಂಕಿ ಮಾತ್ರ ಒಪ್ಪುವ ಫಾರ್ಮ್ ಇಲ್ಲಿ ನಡೆಯದು: ಯುಎಇಯ 971, ಸೌದಿಯ 966, ಕತಾರಿನ 974 ನಮ್ಮ ಗಿರಾಕಿಗಳ ದಿನಬಳಕೆಯ ನಂಬರುಗಳು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಗರಿಷ್ಠ 15 ಅಂಕಿ. ಆದರೆ ನಂಬರ್ ಎಂದರೆ ಮನುಷ್ಯನಲ್ಲ. ಗಲ್ಫ್‌ನಲ್ಲಿರುವ ಮಗನ ನಂಬರನ್ನೇ ಅಪ್ಪ, ಅಮ್ಮ, ಸೊಸೆ ಮೂವರೂ ಕೊಡುತ್ತಾರೆ. ಅದರ ಮೇಲೆ ‘ಎರಡನೆಯವರಿಗಿಲ್ಲ’ ಎಂಬ ಬೀಗ ಹಾಕಿದರೆ ಅಮ್ಮನಿಗೆ ಖಾತೆಯೇ ಸಿಗುವುದಿಲ್ಲ. ರದ್ದಾದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಇನ್ನೊಬ್ಬರಿಗೆ ಕೊಡಬಹುದು. ಆದ್ದರಿಂದ ಫೋನ್‌ಗಳು ಡೇಟಾಬೇಸಿನ ಬೇರೆ ಟೇಬಲ್‌ನಲ್ಲಿರಲಿ, ಒಬ್ಬರಿಗೆ ಹಲವು ನಂಬರು, ಒಂದು ನಂಬರಿಗೆ ಹಲವರು. ನಂಬರಿನಿಂದ ಹುಡುಕಿ, ನಂಬರೊಂದನ್ನೇ ನಂಬಿ ಒಬ್ಬರೆಂದು ತೀರ್ಮಾನಿಸಬೇಡಿ.

ಆಧಾರ್ ಕೇಳೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಬೇಡ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಾಸಗಿಯವರು ಆಧಾರ್ ಬಳಸಲು ಆಸ್ಪದ ಕೊಡುತ್ತಿದ್ದ ಅಂಶವನ್ನು ತೆಗೆದುಹಾಕಿದೆ. ಗಿರಾಕಿಯ ಖಾತೆ ತೆರೆಯಲು ಅದರ ಅಗತ್ಯವೂ ಇಲ್ಲ.

ವ್ಯಾಪಾರಿ ಗಿರಾಕಿಗಳಿಗೆ ಜಿಎಸ್‌ಟಿ ನಂಬರು ಗಟ್ಟಿ ಗುರುತು. ಅದಕ್ಕೆ ಯುನಿಕ್ ಇಂಡೆಕ್ಸ್ ಹಾಕಿ, ಅಂದರೆ ಒಂದೇ ನಂಬರು ಎರಡನೆಯ ಸಲ ಸೇರದಂತೆ ಡೇಟಾಬೇಸೇ ತಡೆಯುವ ಬೀಗ. ಗಡಿಯ ಊರಾದ್ದರಿಂದ ಇಲ್ಲೊಂದು ತಿರುವು: ಉಪ್ಪಳದಲ್ಲೂ ಮಂಗಳೂರಿನಲ್ಲೂ ಅಂಗಡಿ ಇರುವ ಒಬ್ಬರಿಗೆ ಎರಡು ಜಿಎಸ್‌ಟಿ ನಂಬರು, ಕೇರಳದ್ದು 32ರಿಂದ, ಕರ್ನಾಟಕದ್ದು 29ರಿಂದ ಶುರು. ಬಿಲ್ಲಿನ ದೃಷ್ಟಿಯಿಂದ ಎರಡು ಖಾತೆ ಇರಲೇಬೇಕು. ಆದರೆ 15 ಅಕ್ಷರಗಳಲ್ಲಿ ಮೂರರಿಂದ ಹನ್ನೆರಡರವರೆಗಿನವು ಪ್ಯಾನ್. ಅದು ಎರಡರಲ್ಲೂ ಒಂದೇ. ಪ್ಯಾನ್ ಆಧಾರದಲ್ಲಿ ಎರಡನ್ನೂ ಒಂದು ಗುಂಪಿಗೆ ಸೇರಿಸಿದರೆ ಸಾಲಮಿತಿ ಒಟ್ಟಾಗಿ ಕಾಣುತ್ತದೆ.

ಯುನಿಕ್ ಇಂಡೆಕ್ಸ್ ಏಕೆ, ಪ್ರೋಗ್ರಾಂನಲ್ಲೇ ಪರೀಕ್ಷಿಸಿದರೆ ಸಾಲದೆ ಎಂದು ಪ್ರೋಗ್ರಾಂ ಬರೆಯುವ ಹುಡುಗರು ಕೇಳುತ್ತಾರೆ. ಎರಡು ಕೌಂಟರುಗಳು ಒಂದೇ ಕ್ಷಣದಲ್ಲಿ ‘ಇದ್ದಾರೆಯೇ’ ಎಂದು ಕೇಳಿದರೆ ಇಬ್ಬರಿಗೂ ‘ಇಲ್ಲ’ ಎಂದೇ ಉತ್ತರ, ಇಬ್ಬರೂ ಸೇರಿಸುತ್ತಾರೆ. ನೆಟ್ ನಿಧಾನವಾಗಿ ‘ಸೇವ್’ ಎರಡು ಸಲ ಒತ್ತಿದರೂ ಅಷ್ಟೇ. ಇದನ್ನು ತಡೆಯಲು ಡೇಟಾಬೇಸಿಗೆ ಮಾತ್ರ ಸಾಧ್ಯ. ಖಾಲಿ ಬಿಟ್ಟ ಜಾಗದ ವಿಷಯದಲ್ಲಿ ಮಾತ್ರ ಜಾಗ್ರತೆ: ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಡೇಟಾಬೇಸುಗಳು ‘ನಲ್’ ಎಂಬ ಖಾಲಿ ಗುರುತು ಎಷ್ಟಿದ್ದರೂ ಒಪ್ಪುತ್ತವೆ, ಎಸ್‌ಕ್ಯೂಎಲ್ ಸರ್ವರ್ ಒಂದನ್ನೇ ಒಪ್ಪುತ್ತದೆ.

ಹಳೆಯ ಕಸ ಗುಡಿಸುವಾಗ ಎಲ್ಲರನ್ನೂ ಎಲ್ಲರೊಂದಿಗೆ ಹೋಲಿಸಲು ಹೊರಡಬೇಡಿ. 20,000 ದಾಖಲೆ ಎಂದರೆ ಸುಮಾರು 20 ಕೋಟಿ ಜೋಡಿ. ಪಿನ್ ಕೋಡ್ ಅಥವಾ ಫೋನಿನ ಕೊನೆಯ ಅಂಕಿಗಳ ಪ್ರಕಾರ ಗುಂಪು ಮಾಡಿ ಒಳಗೊಳಗೇ ಹೋಲಿಸಿ. ಯಾವ ಹೋಲಿಕೆಗೆ ಎಷ್ಟು ತೂಕ ಎಂಬುದಕ್ಕೆ 1969ರಲ್ಲಿ ಕೆನಡಾದ ಫೆಲ್ಲೆಗಿ ಮತ್ತು ಸಂಟರ್ ಕೊಟ್ಟ ಲೆಕ್ಕವೇ ಇಂದಿಗೂ ಆಧಾರ: ಅಪರೂಪದ ಹೆಸರು ಹೊಂದಿದರೆ ಹೆಚ್ಚು ತೂಕ, ಎಲ್ಲೆಡೆ ಇರುವ ಹೆಸರು ಹೊಂದಿದರೆ ಕಡಿಮೆ. ಮಧೂರು ದೇವಸ್ಥಾನದ ಆಸುಪಾಸಿನಲ್ಲಿ ‘ಗಣೇಶ’ ಹೊಂದಿತು ಎಂದರೆ ಏನು ಸಾಬೀತಾಯಿತು? ಹಿರಿಯರ ದಾಖಲೆಗಳಲ್ಲಿ ತಾರೀಕು ಗೊತ್ತಿಲ್ಲದೆ ಹಾಕಿದ ‘ಜನವರಿ 1’ ಎಂಬ ಹುಟ್ಟುದಿನಕ್ಕೂ ಅಷ್ಟೇ ಬೆಲೆ.

ಖಾತೆಗಳನ್ನು ಮರ್ಜ್ ಮಾಡುವ, ಅಂದರೆ ಎರಡನ್ನು ಒಂದು ಮಾಡುವ, ಅಧಿಕಾರ ಯಂತ್ರಕ್ಕೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅದು ಜೋಡಿಗಳನ್ನು ತೋರಿಸಲಿ, ಮನುಷ್ಯರು ಒತ್ತಲಿ. ಎರಡು ಖಾತೆ ಇದ್ದರೆ ಜಗಳ ಸಣ್ಣದು, ಅಣ್ಣನ ಸಾಲ ತಮ್ಮನ ತಲೆಗೆ ಬಂದರೆ ದೊಡ್ಡದು. ಒಂದು ಮಾಡಿದ ಮೇಲೂ ಹಳೆಯ ದಾಖಲೆಯನ್ನು ಅಳಿಸದೆ, ಯಾರು ಯಾವಾಗ ಸೇರಿಸಿದರು ಎಂದು ಬರೆದಿಟ್ಟು, ಮತ್ತೆ ಬಿಡಿಸುವ ದಾರಿ ಉಳಿಸಿ. ಹಳೆಯ ಗ್ರಾಹಕ ನಂಬರು ಹೊಸದರತ್ತ ಬೊಟ್ಟು ಮಾಡಬೇಕು. ಎರಡು ವರ್ಷದ ಹಿಂದಿನ ಬಿಲ್ಲು ಹಿಡಿದುಕೊಂಡು ಬದಿಯಡ್ಕದಿಂದ ಬಂದವರ ನಂಬರು ಒತ್ತಿದಾಗ ಈಗಿನ ಖಾತೆ ತೆರೆಯದಿದ್ದರೆ, ಕೌಂಟರಿನಲ್ಲಿರುವವರು ‘ಹೊಸ ಗ್ರಾಹಕ’ ಬಟನ್ನಿಗೇ ಕೈಹಾಕುತ್ತಾರೆ.