ಮಳೆ ಸಾಗರದಲ್ಲಿ, ನೀರು ಹಾವೇರಿಯಲ್ಲಿ

ಜುಲೈ ತಿಂಗಳ ಒಂದು ಬೆಳಗ್ಗೆ. ಹಾವೇರಿಯಲ್ಲಿ ನಾಲ್ಕು ದಿನದಿಂದ ಹನಿ ಮಳೆ ಇರಲಿಲ್ಲ, ಬಿಸಿಲು ಚುರುಕಾಗಿತ್ತು. ನಾವು ಮೂವರು ಹುಡುಗರು ಹೆಗಲಿಗೆ ಟವೆಲ್ ಹಾಕಿಕೊಂಡು ವರದಾ ನದಿಗೆ ಈಜಲು ಹೋಗಿದ್ದೆವು. ದಂಡೆಯಲ್ಲಿ ಬಲೆಯ ಗಂಟು ಬಿಡಿಸುತ್ತಿದ್ದ ಅಂಬಿಗರ ಕಾಕಾ ತಲೆ ಎತ್ತದೆ ಹೇಳಿದರು: “ಇವತ್ತ ಇಳಿಬ್ಯಾಡ್ರಪಾ, ಸಾಗರದಾಗ ಮಳಿ ಆಗೇತಿ.”

ಮಲೆನಾಡಿನ ಆ ಸಾಗರ ಊರೆಲ್ಲಿ, ನಾವೆಲ್ಲಿ! ನಕ್ಕೆವು. ಕಾಕಾ ಎದ್ದು ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ಊರಿದರು. “ಚಾ ಕುಡದು ಬರ್ರಿ, ಆಮ್ಯಾಲ ನೋಡ್ರಿ.” ಬಂದು ನೋಡಿದರೆ ಕಡ್ಡಿ ಗೇಣುದ್ದ ಮುಳುಗಿತ್ತು.

ಕಾಕಾಗೆ ಸಾಗರದಿಂದ ಯಾರೂ ಸುದ್ದಿ ಕಳಿಸಿರಲಿಲ್ಲ. ನೀರೇ ಹೇಳಿತ್ತು. ರಾತ್ರಿ ಬೆಳಗಾಗುವುದರೊಳಗೆ ನೀರು ಕೆಂಪಾಗಿತ್ತು. ಒಣ ಎಲೆ, ಕಟ್ಟಿಗೆ ಚೂರು, ನೊರೆ ತೇಲಿ ಬರುತ್ತಿದ್ದವು. ಏರುವ ನದಿ ದಂಡೆಯ ಕಸವನ್ನೆಲ್ಲ ಎತ್ತಿಕೊಂಡು ಹೊರಡುತ್ತದೆ. ಇಳಿಯುವ ನದಿ ಕಲ್ಲುಗಳ ಮೇಲೆ ಒದ್ದೆ ಪಟ್ಟಿ ಬಿಟ್ಟು ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ನದಿ ಓದಿದಂತೆ.

ವರದೆ ಹುಟ್ಟುವುದು ಸಾಗರದ ಹತ್ತಿರದ ವರದಾಮೂಲದಲ್ಲಿ. ಬನವಾಸಿ ಬಳಸಿ, ಹಾನಗಲ್ಲ ಸೀಮೆ ದಾಟಿ, ಹಾವೇರಿ ಮುಟ್ಟಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ನೀರು ಸೆಕೆಂಡಿಗೆ 1 ಮೀಟರ್ ಓಡಿದರೂ ದಿನಕ್ಕೆ 86 ಕಿಲೋಮೀಟರ್ ಆಯಿತು. ಹಾಗಾಗಿ ಮಲೆನಾಡಿನ ಮಳೆ ನಮ್ಮ ಬಿಸಿಲಿಗೆ ಬಂದು ತಲುಪಲು ಒಂದೆರಡು ದಿನ ಬೇಕು. ನಮ್ಮ ತಲೆಯ ಮೇಲಿನ ಆಕಾಶ ನೋಡಿ ನದಿಗೆ ಇಳಿಯುವುದು ಪಕ್ಕದ ಮನೆಯ ಗಡಿಯಾರ ನೋಡಿ ನಮ್ಮ ಬಸ್ ಹಿಡಿಯಲು ಹೋದಂತೆ. ಆ ಗಡಿಯಾರ ಸರಿ ಇದೆಯೋ ಇಲ್ಲವೋ ಯಾರಿಗೆ ಗೊತ್ತು?

ತುಂಗಭದ್ರೆಗೆ ಇನ್ನೊಂದು ಲೆಕ್ಕ ಸೇರುತ್ತದೆ. ಅದು ಡ್ಯಾಮಿನದು. ಮೇಲೆ ತುಂಗೆಗೆ ಗಾಜನೂರು, ಭದ್ರೆಗೆ ಲಕ್ಕವಳ್ಳಿ. ಪೇಪರಿನಲ್ಲಿ “50 ಸಾವಿರ ಕ್ಯೂಸೆಕ್ ನೀರು ಬಿಡುಗಡೆ” ಎಂದು ಓದಿ ಪುಟ ತಿರುಗಿಸುತ್ತೇವೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 50 ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ 14 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳು 140, ಒಂದೇ ಸೆಕೆಂಡಿನಲ್ಲಿ! ನರಗುಂದ, ರೋಣದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಡ್ಯಾಮಿನಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಅವರು ಕಣ್ಣಾರೆ ಕಂಡವರು.

ಬೆಣ್ಣಿಹಳ್ಳದ ಸ್ವಭಾವವೇ ಬೇರೆ. ಇದಕ್ಕೆ ದಿನಗಳು ಬೇಡ, ತಾಸುಗಳು ಸಾಕು. ಹುಬ್ಬಳ್ಳಿ, ನವಲಗುಂದದ ಕಡೆ ಇದು ಹರಿಯುವುದು ಎರೆಭೂಮಿಯಲ್ಲಿ. ಬೇಸಿಗೆಯಲ್ಲಿ ಎರೆಮಣ್ಣು ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮೊದಲ ಮಳೆಗಳನ್ನು ಗಟಗಟ ಕುಡಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡರೆ ಮುಗಿಯಿತು, ಬಿದ್ದ ನೀರು ಒಳಗೆ ಇಂಗುವುದೇ ಇಲ್ಲ. ಎಲ್ಲ ಹಳ್ಳಕ್ಕೆ. ಮಧ್ಯಾಹ್ನ ದನ ದಾಟಿದ ಜಾಗದಲ್ಲಿ ಸಂಜೆ ಟ್ರ್ಯಾಕ್ಟರೂ ದಾಟದು.

ನೀರಿನ ಓಟ ಅಳೆಯಲು ಯಂತ್ರ ಬೇಡ. ದಂಡೆಯಲ್ಲಿ 10 ಮೀಟರ್ ಗುರುತು ಮಾಡಿ, ಹೊಳೆಯ ನಡುವಿಗೆ ಒಂದು ಕಟ್ಟಿಗೆ ಚೂರು ಎಸೆಯಿರಿ, ಸೆಕೆಂಡು ಎಣಿಸಿ. ಐದು ಸೆಕೆಂಡಿನಲ್ಲಿ ದಾಟಿತೋ, ಓಟ ಸೆಕೆಂಡಿಗೆ 2 ಮೀಟರ್. ಜಗತ್ತಿನ ಅತಿ ವೇಗದ ಈಜುಗಾರರು 100 ಮೀಟರಿಗೆ 47 ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತಾರೆ, ಅದೂ ಸುಮಾರು ಅಷ್ಟೇ ವೇಗ. ಅಂದರೆ ಅವರೂ ಆ ನೀರಿಗೆ ಎದುರಾಗಿ ಈಜಿದರೆ ಇದ್ದಲ್ಲೇ ಇರುತ್ತಾರೆ, ಅದೂ ಒಂದು ನಿಮಿಷ. ನಾವು ನೀವು? ಇನ್ನೂ ಒಂದು ಮಾತು: ಓಟ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನಡೆದು ದಾಟುವವರಿಗೆ ತಜ್ಞರು ಹೇಳುವ ಲೆಕ್ಕ ಸರಳ. ಆಳವನ್ನು ಓಟದಿಂದ ಗುಣಿಸಿ, ಆಳ ಮೀಟರಿನಲ್ಲಿ, ಓಟ ಸೆಕೆಂಡಿಗೆ ಇಷ್ಟು ಮೀಟರ್ ಎಂದು. ಉತ್ತರ 0.4 ದಾಟಿದರೆ ಮಕ್ಕಳಿಗೆ ಅಪಾಯ. 0.8 ದಾಟಿದರೆ ನೀರಿನಲ್ಲಿ ಪಳಗಿದವರೂ ಹಿಂದೆ ಸರಿಯಬೇಕು. ತೊಡೆಮಟ್ಟದ ನೀರು, ಅಂದರೆ 0.6 ಮೀಟರ್, ಸೆಕೆಂಡಿಗೆ ಒಂದೂವರೆ ಮೀಟರ್ ಓಡಿದರೆ ಆಗಲೇ 0.9.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಬಾಂದಾರದ್ದು, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಗಿಡ್ಡ ಗೋಡೆಯದ್ದು. ಮೇಲಿನಿಂದ ನೋಡಿದರೆ ನೀರು ಕನ್ನಡಿಯಂತೆ ನಿಂತಿರುತ್ತದೆ, ಕೆಳಗೆ ಬೀಳುವುದು ಕಾಣುವುದೇ ಇಲ್ಲ, ಸದ್ದು ಮಾತ್ರ ಕೇಳುತ್ತದೆ. ಗೋಡೆ ಹಾರಿ ಬಿದ್ದ ನೀರು ನೇರ ತಳಕ್ಕೆ ಹೋಗುತ್ತದೆ. ಅದು ಖಾಲಿ ಬಿಟ್ಟ ಜಾಗ ತುಂಬಲು ಮೇಲ್ಭಾಗದ ನೀರು ಹಿಂದಕ್ಕೆ, ಗೋಡೆಯ ಕಡೆಗೆ ಹರಿಯುತ್ತದೆ. ಸ್ವಲ್ಪ ಮುಂದೆ ನೀರು ಕುದಿಯುವ ಹಾಗೆ ಉಕ್ಕುವ ಒಂದು ಗೆರೆ ಕಾಣುತ್ತದೆ, ಅಲ್ಲಿಯವರೆಗೂ ಇದೇ ಕಥೆ. ಅದರೊಳಗೆ ಸಿಕ್ಕಿದ್ದು ಉರುಳುತ್ತಲೇ ಇರುತ್ತದೆ: ಮುಳುಗುತ್ತದೆ, ಏಳುತ್ತದೆ, ಗೋಡೆಗೆ ಹೋಗುತ್ತದೆ, ಮತ್ತೆ ಮುಳುಗುತ್ತದೆ. ಒಂದು ತೆಂಗಿನಕಾಯಿ ಅರ್ಧ ತಾಸು ಹೀಗೇ ಗಿರಕಿ ಹೊಡೆದದ್ದನ್ನು ನಾನು ನೋಡಿದ್ದೇನೆ. ಸಾಲದ್ದಕ್ಕೆ ಆ ನೊರೆನೀರಿನ ತುಂಬ ಗಾಳಿ. ಗಾಳಿ ತುಂಬಿದ ನೀರು ಹಗುರ, ಅದು ಮನುಷ್ಯನನ್ನು ಸರಿಯಾಗಿ ಎತ್ತಿ ಹಿಡಿಯುವುದಿಲ್ಲ. ಲೈಫ್ ಜಾಕೆಟ್ ಕೂಡ ಅಲ್ಲಿ ಅರ್ಧ ಕೆಲಸ ಮಾಡುತ್ತದೆ, ಅಷ್ಟೆ. ಗೆಳೆಯ ಸಿಕ್ಕಿಬಿದ್ದನೆಂದು ಹಿಂದೆಯೇ ಹಾರುವವರು ಇದ್ದಾರೆ. ಹಾರಬೇಡಿ. ಹಗ್ಗ, ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನು, ಉದ್ದನೆಯ ಬಿದಿರು, ಏನಾದರೂ ದಂಡೆಯಿಂದಲೇ ಎಸೆಯಿರಿ, ಚಾಚಿ.

ಮರಳು ತೆಗೆದ ಗುಂಡಿಗಳೂ ಹೀಗೆಯೇ ಮೋಸ ಮಾಡುತ್ತವೆ. ಮೊಣಕಾಲು ನೀರು ಮುಂದಿನ ಹೆಜ್ಜೆಗೆ ಆಳುದ್ದ. ಹೋದ ವರ್ಷ ಗೊತ್ತಿದ್ದ ಜಾಗ ಈ ವರ್ಷವೂ ಹಾಗೇ ಇರುತ್ತದೆ ಎನ್ನಬೇಡಿ.

ಕೆರೆಗೆ ಸೆಳವಿಲ್ಲ, ಆದರೆ ಬೇರೆ ಲಕ್ಷಣಗಳಿವೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಗಾಳ ಹಾಕುವವರಿಗೆ ಖುಷಿಯಾಗಬಹುದು, ಮೀನಿಗಲ್ಲ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ತಿನ್ನುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ನೀರಿನ ಉಸಿರು ತಳ ಮುಟ್ಟಿರುತ್ತದೆ. ಕೊಳಚೆ ಸೇರಿದ ಕೆರೆಯಲ್ಲಿ ಇದು ಜಾಸ್ತಿ. ಸ್ನಾನದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಹಸಿರು ಪೇಂಟ್ ಚೆಲ್ಲಿದಂತೆ ನೀರು ಕಂಡರೆ ಕೈಯನ್ನೂ ಅದ್ದಬೇಡಿ, ಆ ಪಾಚಿಯಲ್ಲಿ ಕೆಲವು ವಿಷ ಉಗುಳುತ್ತವೆ. ಕಾಲಿಗೆ ಗಾಯವಿದ್ದರೆ ಮಳೆಗಾಲದ ಕೆಸರು ನೀರಿನಿಂದ ಇಲಿ ಜ್ವರ ಬರಬಹುದು.

ಉಣಕಲ್ ಕೆರೆಯಲ್ಲಿ ದೋಣಿ ಹತ್ತುವವರು ಗಾಳಿ ನೋಡಿದರೆ ಸಾಕು. ಆಷಾಢದ ಗಾಳಿ ಬೀಸುವ ಸಂಜೆ ಪೆಡಲ್ ದೋಣಿ ಒಂದು ಕಡೆಗೆ ಸುಲಭವಾಗಿ ಹೋಗುತ್ತದೆ, ವಾಪಸು ಬರುವಾಗ ತೊಡೆ ಸುಡುತ್ತದೆ. ತೆಪ್ಪಕ್ಕಂತೂ ಅಡಿಯಲ್ಲಿ ನೀರನ್ನು ಹಿಡಿದುಕೊಳ್ಳುವಂಥದ್ದು ಏನೂ ಇಲ್ಲ, ಗಾಳಿ ಕರೆದ ಕಡೆ ತಿರುಗುತ್ತಾ ಹೋಗುತ್ತದೆ. ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದೇ ತಂದು ಬಿಡಲಿ.

ಈಗ ಕೇಂದ್ರ ಜಲ ಆಯೋಗದವರು ವರದೆಯ ನೀರನ್ನು ಮರೋಳದಲ್ಲಿ, ತುಂಗಭದ್ರೆಯದನ್ನು ಹರಳಹಳ್ಳಿಯಲ್ಲಿ ಅಳೆಯುತ್ತಾರೆ. 2023ರಿಂದ ಪ್ರವಾಹದ ಸೂಚನೆಗೆ ‘ಫ್ಲಡ್‌ವಾಚ್ ಇಂಡಿಯಾ’ ಎಂಬ ಅವರದೇ ಆ್ಯಪ್ ಕೂಡ ಇದೆ. ನಾನು ಅದನ್ನು ನೋಡುತ್ತೇನೆ, ಸಾಗರದ ಗೆಳೆಯನಿಗೆ ಫೋನ್ ಮಾಡಿ “ಮಳೆ ಹೇಗಿದೆ” ಎಂದು ಕೇಳುತ್ತೇನೆ. ಆಮೇಲೆ ಹೊಳೆಗೆ ಹೋಗಿ ನೀರಿನ ಅಂಚಿಗೆ ಒಂದು ಕಡ್ಡಿ ಊರಿ, ಚಹಾ ಕುಡಿಯಲು ಹೋಗುತ್ತೇನೆ.